ಕುದಿಸದ ಚಹಾ

ನನ್ನ ಕೈ ಚಹಾಕ್ಕೆ ಗಂಡನ ಮನೆಯಲ್ಲಿ ಒಳ್ಳೆಯ ಹೆಸರಿರಲಿಲ್ಲ. ಮದುವೆಯಾಗಿ ಘಟಪ್ರಭಾಕ್ಕೆ ಬಂದ ವಾರದಲ್ಲೇ ಯಜಮಾನರ ಅಕ್ಕ, ಅಂದರೆ ನನ್ನ ನಾದಿನಿ, ಒಂದು ಗುಟುಕು ಕುಡಿದು ಮುಖ ಕಿವುಚಿದ್ದರು. ಹದಿನೆಂಟು ವರ್ಷವಾಯಿತು, ಆ ಮುಖವನ್ನು ನಾನು ಮರೆತಿಲ್ಲ, ನಾದಿನಿ ಮರೆಯಲು ಬಿಟ್ಟೂ ಇಲ್ಲ.

ಕಳೆದ ಬೇಸಿಗೆಯಲ್ಲಿ ಮೂಡಲಗಿಯಿಂದ ಅವರ ಫೋನು ಬಂತು. ತಮ್ಮ ಮಗಳನ್ನು ಕೊಟ್ಟ ಹುಕ್ಕೇರಿಯ ಬೀಗರನ್ನು ಮೊದಲ ಸಲ ನಮ್ಮ ಮನೆಗೆ ಕರೆತರುವವರಿದ್ದರು.

"ನಾಳೆ ನಾಲ್ಕಕ್ಕ ಬರ್ತೇವಿ. ಚಹಾ ಮಾತ್ರ ಅವ್ವನ ಕೈಲೆ ಮಾಡ್ಸು," ಎಂದರು.

ಮೈಯೆಲ್ಲ ಉರಿಯಿತು. ಹಾಲಿನ ಚಹಾದಲ್ಲಿ ಅತ್ತೆಯ ಸರಿಸಮ ನಿಲ್ಲುವುದು ಈ ಜನ್ಮಕ್ಕೆ ಆಗದ ಮಾತು. ಆದರೆ ಎರಡು ಬೇಸಿಗೆಯಿಂದ ನನ್ನೊಬ್ಬಳಿಗೆಂದೇ ಮಾಡಿಕೊಳ್ಳುತ್ತಿದ್ದ ಚಹಾ ಒಂದಿತ್ತು. ದಪ್ಪ ಎಲೆಯ ಚಹಾ, ಹಿತ್ತಲಿನ ಪುದೀನಾ, ತುಳಸಿ, ನಿಂಬೆಹುಲ್ಲು, ಮೋಸಂಬಿ ಹೋಳು ಎಲ್ಲವನ್ನೂ ತಣ್ಣೀರಲ್ಲಿ ಹಾಕಿ ಆರೇಳು ತಾಸು ಫ್ರಿಜ್ಜಿನಲ್ಲಿಟ್ಟರೆ ಆಯಿತು. ಒಂದಿಷ್ಟೂ ಕಹಿಯಿರುವುದಿಲ್ಲ. ಮಲಗುವ ಮುಂಚೆ ದೊಡ್ಡ ಬರಣಿ ತುಂಬಿಟ್ಟೆ.

ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಒಲೆಯ ಮುಂದಿದ್ದರು. ನನ್ನ ಬರಣಿಯ ಚಹಾ ಹಾಲು ಸಕ್ಕರೆಯ ಜೊತೆ ಕೊತಕೊತ ಕುದಿಯುತ್ತಿತ್ತು. ಸೊಸೆ ಕುದಿಸುವುದನ್ನೇ ಮರೆತು ಮಲಗಿದ್ದಾಳೆಂದು, ನನ್ನ ಮಾನ ಉಳಿಸಲು ಕುದಿಸಿದ್ದರು. ಮೋಸಂಬಿಯ ಹುಳಿಗೆ ಹಾಲು ಒಡೆದು ಗಡ್ಡೆಗಟ್ಟಿತ್ತು.

"ಹಾಲ ಕೆಟ್ಟಿತ್ತೋ ಏನೋ ಯವ್ವಾ," ಎಂದರು.

"ಹಾಲಲ್ರಿ ಅತ್ತಿ, ನನ್ನ ನಸೀಬ ಕೆಟ್ಟೈತಿ!"

ಅಳುತ್ತಲೇ ಎಲ್ಲ ಹೇಳಿದೆ. ಅತ್ತೆ ಚಪ್ಪಲಿ ಮೆಟ್ಟಿ ಹೋದವರು ಸೆರಗಿನಲ್ಲಿ ನಾಲ್ಕು ದಾಳಿಂಬೆ ಕಟ್ಟಿಕೊಂಡು ಬಂದರು. ಬಾಜೂ ಮನೆಯಿಂದ ಕೇಳಿ ತಂದದ್ದು. ಮೋಸಂಬಿ ಮುಗಿದಿದ್ದರಿಂದ ದಾಳಿಂಬೆ ಕಾಳು ಜಜ್ಜಿ ಹಾಕಿ ಒಂಬತ್ತರೊಳಗೆ ಇನ್ನೊಂದು ಬರಣಿ ಇಟ್ಟೆ. ಆಮೇಲೆ ಅತ್ತೆ ಫ್ರಿಜ್ಜಿನ ಬಾಗಿಲಿಗೆ ಕುರ್ಚಿ ಹಾಕಿ ಕೂತುಬಿಟ್ಟರು. ಯಜಮಾನರು ತಣ್ಣೀರು ಕೇಳಿದರೆ, "ಕೊಡದಾಗಿಂದು ಕುಡಿ," ಎಂದರೇ ಹೊರತು ಕದಲಲಿಲ್ಲ.

ನಾಲ್ಕಕ್ಕೆ ಬೀಗರು ಬಂದರು. ಸೋಸಿ, ಬರ್ಫದ ತಣ್ಣನೆ ತುಂಡು ಹಾಕಿ, ಗ್ಲಾಸುಗಳಲ್ಲಿ ಕೊಟ್ಟೆ. ಬೀಗಿತ್ತಿ ಕೈಗೆ ತಗೊಂಡು ನನ್ನ ಮುಖ ನೋಡಿದರು.

"ಚಹಾ ಆರೇತಲ್ರೀ?"

ನಮ್ಮ ಕಡೆ ಬೀಗರಿಗೆ ಆರಿದ ಚಹಾ ಕೊಟ್ಟರೆ ಎದ್ದು ಹೋಗಿ ಎಂದಂತೆ. ನಾದಿನಿ ನನ್ನನ್ನು ಸುಡುವ ಹಾಗೆ ನೋಡಿದರು. ಆಗ ಅತ್ತೆ ಮಾತಾಡಿದರು.

"ಆರಿಲ್ರಿ, ಅದು ಹಂಗ ಇರೂದು. ಮುಂಜಾನೆ ನಾ ಶಾಣ್ಯಾಕಿ ಆಗಿ ಕುದಿಸಿ ಕೆಡಿಸಿದ್ನಿ. ಇದು ನಮ್ಮ ಸೊಸಿ ಕೈ ಚಹಾ. ಕುಡ್ದು ನೋಡ್ರಿ."

ಅಷ್ಟು ವರ್ಷ ಮನೆಯಲ್ಲಿ ನಗಲಿಕ್ಕೆಂದೇ ಆಡುತ್ತಿದ್ದ 'ಸೊಸಿ ಕೈ ಚಹಾ' ಎಂಬ ಮಾತನ್ನು ಅವರು ತಲೆಯೆತ್ತಿ ಹೇಳಿದರು. ನನ್ನ ಕಣ್ಣು ತುಂಬಿತು. ಬೀಗಿತ್ತಿ ಒಂದು ಗುಟುಕು ಕುಡಿದರು, ಆಮೇಲೆ ಗಟಗಟನೆ ಮುಗಿಸಿ ಗ್ಲಾಸು ಮುಂದೆ ಚಾಚಿದರು. "ಇನ್ನೀಟ ಹಾಕ್ರಿ." ಹೆಮ್ಮೆ ಪಟ್ಟೆ. ಅದನ್ನು ಮುಚ್ಚಿಡುವ ಹೆಂಗಸು ನಾನಲ್ಲ.

ಬೀಗರು ಹಿತ್ತಲು ನೋಡಲು ಹೋದಾಗ ನಾದಿನಿ ಅಡುಗೆಮನೆಗೆ ಬಂದು ಬರಣಿಯ ತಳದಲ್ಲಿದ್ದಷ್ಟನ್ನು ತಾವೇ ಬಗ್ಗಿಸಿಕೊಂಡು ಕುಡಿದರು.

"ಮುಂದಿನ ವಾರ ಮೂಡಲಗಿಗೆ ಬಾ," ಎಂದರು. "ನಮ್ಮ ಮಂದಿಗೂ ಮಾಡಿ ಕೊಡು. ಒಲಿ ನಿನಗ ಬಿಡ್ತೇನಿ."

"ಇದಕ್ಕ ಒಲಿ ಬೇಕಾಗಂಗಿಲ್ರಿ ಅಕ್ಕಾ," ಎಂದೆ.