ಚಕ್ರ ಉರುಳುವ ಮೊದಲಿನ ಹೊತ್ತು

ಮದ್ದೂರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ನಜೀರ್ ಅಹ್ಮದರ ಮಗಳು ಅಸ್ಫಿಯಾ ವಿಮಾನ ಓಡಿಸಲು ಕಲಿಯುತ್ತಾಳೆಂದರೆ ಊರು ನಗದೆ ಬಿಟ್ಟೀತೆ? ನಕ್ಕಿತು. ಅವಳು ಕ್ಯಾರೇ ಅನ್ನಲಿಲ್ಲ. ಇಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದ ಗಟ್ಟಿಗಿತ್ತಿ ಅವಳು. ವಾರಕ್ಕೆರಡು ದಿನ ಹಾರಾಟದ ಶಾಲೆಗೆಂದು ಮೈಸೂರಿನ ಬಸ್ಸು ಹತ್ತುತ್ತಿದ್ದಳು.

ಕಲಿಸುತ್ತಿದ್ದವರು ಹಲಗೂರಿನ ಕ್ಯಾಪ್ಟನ್ ಪುಟ್ಟಸ್ವಾಮಿ. ಆಕಾಶಕ್ಕೇರಿದರೂ ಅವರ ಬಾಯಿ ಹಲಗೂರಿನ ಬಸ್‌ಸ್ಟ್ಯಾಂಡಿನಲ್ಲೇ ಇರುತ್ತಿತ್ತು. ಟ್ರ್ಯಾಕ್ಟರಿನ ಗಂಟೆ ಮೀಟರು ನೋಡಿ ಬೆಳೆದ ಅಸ್ಫಿಯಾ ಮೊದಲ ದಿನ ಇಂಜಿನ್ ಶುರುವಾದಾಗಿನಿಂದಲೇ ಲಾಗ್‌ಬುಕ್ಕಿನಲ್ಲಿ ಸಮಯ ಬರೆದಿದ್ದಳು. ಅವರು ಅಡ್ಡಗೆರೆ ಎಳೆದರು.

“ಇದೇನ್ ನಿಮ್ಮಪ್ಪನ ಟ್ರ್ಯಾಕ್ಟರಾ? ಮೇಲಕ್ಕೋಗಕೆ ಅಂತ ಚಕ್ರ ಉರುಳ್ದಾಗ ಶುರು, ವಾಪಸ್ ಬಂದು ನಿಂತಾಗ ಮುಗೀತು. ನಿಂತ್ಕಂಡು ಗುರ್ ಅಂದಿದ್ದು ಲೆಕ್ಕಕ್ಕಿಲ್ಲ ಕಣಮ್ಮಿ. ಸೋಲೊ ಅಂದ್ರೆ ಒಳ್ಗೆ ನೀನೊಬ್ಳೇ. ಪಕ್ಕದಲ್ಲಿ ಇನ್ನೊಬ್ರಿದ್ರೆ ಅದು ಸೋಲೊ ಅಲ್ಲ.”

ಲೈಸೆನ್ಸಿಗೆ ಹತ್ತು ಗಂಟೆ ಸೋಲೊ ಬೇಕು. ಎಂಟು ಗಂಟೆ ಐವತ್ತು ನಿಮಿಷ ಆಗಿದ್ದಾಗ, ಎದೆನೋವೆಂದು ಕೂತ ಪುಟ್ಟಸ್ವಾಮಿ ಮತ್ತೆ ಏಳಲಿಲ್ಲ. ಹನ್ನೆರಡನೆಯ ದಿನ ಅಸ್ಫಿಯಾ ಖಾಲಿ ಸೀಟಿನ ಬೆಲ್ಟನ್ನು ಸೀಟಿಗೆ ಬಿಗಿದು, ಒಬ್ಬಳೇ ಹಾರಿದಳು.

ಮಳವಳ್ಳಿ ದಾಟುತ್ತಲೇ ಹೆಡ್‌ಫೋನಿನಲ್ಲಿ ದನಿ ಬಂತು. “ಮೂಗ್ ಇಳ್ಸು.”

ಕೈ ರೂಢಿಯಂತೆ ವಿಮಾನದ ಮೂಗು ಇಳಿಸಿತು. ಆಮೇಲೆ ತಟ್ಟನೆ ತಿರುಗಿದಳು. ಪಕ್ಕದಲ್ಲಿ ಯಾರೂ ಇಲ್ಲ. ಆದರೆ ಅವಳು ಬಿಗಿದಿದ್ದ ಬೆಲ್ಟು ಈಗ ಒಳಗೆ ಹೊಟ್ಟೆಯಿದ್ದಂತೆ ಉಬ್ಬಿ ನಿಂತಿತ್ತು.

ಹಲಗೂರು ಬಂತು. “ಅಗೋ ನಮ್ಮಟ್ಟಿ. ತೆಂಗಿನ ಸಾಲಿನ್ ಪಕ್ಕ ಒಸ ಮಣ್ಣು ಕಾಣ್ತದಲ್ಲ, ಅಲ್ಲೇ ನನ್ನ ಮಲಗ್ಸವ್ರೆ.”

ಅಸ್ಫಿಯಾ ಕೆಳಗೆ ನೋಡಲಿಲ್ಲ. ಮದ್ದೂರಿನ ಪಕ್ಕದ ಶಿವಪುರದ ಸ್ಮಾರಕ ಕಾಣುವಷ್ಟರಲ್ಲಿ ಇಂಜಿನ್ನು ಕೆಮ್ಮಿತು. ಕಾರ್ಬುರೇಟರಿನಲ್ಲಿ ಹಿಮ ಕಟ್ಟಿದೆ ಎಂದು ಸದ್ದಿನಿಂದಲೇ ತಿಳಿಯಿತು. ಹಿಮ ಕರಗಿಸುವ ಬಿಸಿಗಾಳಿಯ ಹಿಡಿ ಎಳೆಯಲು ಕೈ ಚಾಚಿದಳು. ಅದನ್ನು ಆಗಲೇ ಎಳೆದಾಗಿತ್ತು. ಮುಟ್ಟಿದರೆ ಬೆವರಿನಿಂದ ಒದ್ದೆ.

ಇಳಿದಾಗ ಹೊಸ ಶಿಕ್ಷಕ ಸ್ವರೂಪ್ ಗಡಿಯಾರ ನೋಡಿ ಹಿಗ್ಗಿದ. “ಒಂದು ಗಂಟೆ ಹತ್ತು ನಿಮಿಷ. ಹತ್ತು ಭರ್ತಿ! ಸೋಲೊ ಅಂತ ಬರೀರಿ, ಬುಧವಾರವೇ ಪರೀಕ್ಷೆ.”

ಅಸ್ಫಿಯಾ ಪೆನ್ನು ಹಿಡಿದು ಕೂತಳು. ಬರೆದರೆ ಕೇಳುವವರು ಯಾರೂ ಇರಲಿಲ್ಲ. ವರ್ಷದಿಂದ ಕಾದ ಲೈಸೆನ್ಸು ಕೈಗೆಟುಕುವಷ್ಟು ಹತ್ತಿರವಿತ್ತು. ಆದರೂ ಆ ಗೆರೆ ಎಳೆದ ಕೈಗೆ ಮೋಸ ಮಾಡಲು ಮನಸ್ಸು ಒಪ್ಪಲಿಲ್ಲ.

“ಇದು ಸೋಲೊ ಅಲ್ಲ ಸರ್.”

“ಮತ್ತೆ ಒಳಗೆ ಯಾರಿದ್ರು?”

ಅವಳು ಪುಸ್ತಕ ಮುಚ್ಚಿದಳು. ಬುಧವಾರದ ಪರೀಕ್ಷೆ ತಪ್ಪಿತು.

ಮುಂದಿನ ವಾರ ಇಂಜಿನ್ ಶುರುಮಾಡಿದಳು, ಬ್ರೇಕು ಬಿಡಲಿಲ್ಲ. ಪಕ್ಕದ ಬೆಲ್ಟು ಮತ್ತೆ ಉಬ್ಬಿತ್ತು. ಭಯಕ್ಕಿಂತ ಹೆಚ್ಚಾಗಿ ದುಃಖ ಒತ್ತರಿಸಿಕೊಂಡು ಬಂತು.

“ಇಳೀರಿ ಸರ್. ನೀವಿದ್ರೆ ನನ್ ಲೆಕ್ಕ ಆಗಕಿಲ್ಲ.”

ಬ್ರೇಕು ಬಿಡದೆ ಕಾದಳು. ಆಮೇಲೆ ಬೆಲ್ಟಿನ ಕೊಂಡಿ ಟಕ್ಕೆಂದಿತು. ಪ್ರೊಪೆಲ್ಲರಿನ ಗಾಳಿಗೆ ಎದುರಾಗಿ ಆ ಕಡೆಯ ಬಾಗಿಲು ಮೆಲ್ಲಗೆ ತೆರೆಯಿತು.

“ಬ್ರೇಕ್ ಬುಡು ಕಣಮ್ಮಿ.” ಈ ಸಲ ದನಿ ಹೊರಗಿನಿಂದ ಬಂತು.

ಅಸ್ಫಿಯಾ ಕೈಚಾಚಿ ಬಾಗಿಲು ಹಾಕಿಕೊಂಡು, ಕಣ್ಣೊರೆಸಿ ಗಡಿಯಾರ ನೋಡಿದಳು. ಇಂಜಿನ್ ಶುರುವಾಗಿ ಆರು ನಿಮಿಷ ಆಗಿತ್ತು. ಚಕ್ರ ಇನ್ನೂ ಉರುಳಿರಲಿಲ್ಲ. ಆ ಆರು ನಿಮಿಷವನ್ನು ಅವಳು ಎಲ್ಲೂ ಬರೆಯಲಿಲ್ಲ.