ಭಂಡಾರ ಮುಟ್ಟಿ ಹತ್ತಿದ ಬಸ್ಸು

ನಮ್ಮೂರ ಪಂಚಾಯ್ತಿ ಅಧ್ಯಕ್ಷನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಯಾದಗಿರಿ ಕಡೆಯ ಆ ಊರಿಗೆ ನಳದ ನೀರು ಬಂದಾಗ ಪೈಪು ಅವನ ಮನೆ ದಾಟಿ ಗುಡಿಯ ಹತ್ತಿರ ನಿಂತುಬಿಟ್ಟಿತು. ನಮ್ಮ ಓಣಿ ಅಲ್ಲಿಂದ ಇಪ್ಪತ್ತು ಹೆಜ್ಜೆ. ಗುಡಿಯ ಮುಂದಿನ ನಳಕ್ಕೆ ನಮ್ಮ ಕೊಡ ತಾಗುವಂತಿರಲಿಲ್ಲ. ಕೇಳಿದರೆ, "ಮುಂದಿನ ಸಲ ನೋಡೋಣು" ಎಂದ.

ಬೇಸಿಗೆಯಲ್ಲಿ ಹಳ್ಳದಿಂದ ನೀರು ಹೊರುವುದೋ, ಕೂಲಿಗೆ ಹೋಗುವುದೋ? ಒಂದೊಂದೇ ಮನೆಗೆ ಬೀಗ ಬಿತ್ತು. ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ಅರ್ಧ ಓಣಿ ಬೆಂಗಳೂರಿನ ವಿಮಾನಪುರದ ಆಚೆಯ ಬಾಡಿಗೆ ಕೋಣೆಗಳಲ್ಲಿತ್ತು. ಗಂಡಸರು ದೊಮ್ಮಲೂರಿಗೆ ಗಾರೆ ಕೆಲಸಕ್ಕೆ, ನಾವು ಇಂದಿರಾನಗರಕ್ಕೆ ಮನೆಗೆಲಸಕ್ಕೆ. ಊರಲ್ಲಿ ಉಳಿದವಳು ನನ್ನಕ್ಕ. ಗಂಡ ಸತ್ತ ಮೇಲೆ ಅಧ್ಯಕ್ಷನ ಹೊಲದ ಕೂಲಿಯೇ ಅವಳಿಗೆ ಗತಿ.

ಚುನಾವಣೆ ಬಂದಾಗ ಅವನಿಗೆ ನಮ್ಮ ನೆನಪಾಯಿತು. ಓಟು ಇನ್ನೂ ಊರಲ್ಲೇ ಇತ್ತಲ್ಲ. ಕಾರ್ಯವಾಸಿ ಕತ್ತೆಕಾಲು ಹಿಡಿ ಎನ್ನುತ್ತಾರೆ; ಆ ಸಲ ಕತ್ತೆಗಳು ನಾವು. ಬಸ್ಸು ಮಾಡಿಕೊಂಡು ತಾನೇ ಬಂದ. ದೇವರ ಭಂಡಾರ ಮುಟ್ಟಿ ಆಣೆ ಮಾಡಿದವರು ನಮ್ಮ ಕಡೆ ಮಾತಿಗೆ ತಪ್ಪುವುದಿಲ್ಲ. ಆ ಅರಿಶಿನದ ತಟ್ಟೆ ಹಿಡಿದು ಬಸ್ಸಿನ ಬಾಗಿಲಲ್ಲೇ ನಿಂತ. "ಮುಟ್ಟಿ ಹತ್ರಿ. ಓಟು ನನಗ."

ಎಲ್ಲರೂ ಹಿಂಜರಿದರು. ನಾನೇ ಮೊದಲು ಮುಟ್ಟಿದೆ.

ದಾರಿಯಲ್ಲಿ ಊಟಕ್ಕೆ ನಿಂತಾಗ ಹೆಂಗಸರಿಗೆ ಹೇಳಿದೆ: "ಅವಗ ಹಾಕಬ್ಯಾಡ್ರಿ. ನಳ ಹಾಕಸ್ತೀನಂತ ಎದುರಿಗೆ ನಿಂತಾನಲ್ಲ, ಅವಗ ಹಾಕ್ರಿ."

"ದೇವರ ಆಣಿ ಐತೆವ್ವ" ಎಂದಳು ಒಬ್ಬಳು.

"ಪಾಪ ಬಂದ್ರ ನನಗ ಬರ್ಲಿ."

ಹಾಗೆಂದೆ, ಆದರೆ ನನಗೂ ಹೆದರಿಕೆಯಿತ್ತು. ಅವನು ಕೊಡಿಸಿದ ಅನ್ನವನ್ನು ಮಾತ್ರ ಎರಡು ಸಲ ಹಾಕಿಸಿಕೊಂಡೆ.

ನಮ್ಮ ಓಣಿಯ ಓಟೇ ಅವನಿಗೆ ಮಣ್ಣು ಮುಕ್ಕಿಸಿತು. ಸುದ್ದಿ ಬಂದಾಗ ನಾನು ಇಂದಿರಾನಗರದ ಮನೆಯೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಒಬ್ಬಳೇ ನಕ್ಕೆ.

ಗೆದ್ದವನು ಮಾತು ಉಳಿಸಿಕೊಂಡ. ಮರುವರ್ಷ ಓಣಿಗೆ ನೀರು ಬಂತು. ಅಷ್ಟರಲ್ಲಿ, ದಾರಿಯಲ್ಲಿ ನಾನಾಡಿದ ಮಾತು ಕಿವಿಗೆ ಬಿದ್ದು ಸೋತವನು ಅಕ್ಕನ ಕೂಲಿ ತಪ್ಪಿಸಿದ್ದ, ಬೇರೆಯವರೂ ಅವಳನ್ನು ಕರೆಯದಂತೆ ಮಾಡಿದ್ದ. ಅವಳೂ ಗಂಟು ಕಟ್ಟಿಕೊಂಡು ನನ್ನ ಕೋಣೆಗೆ ಬಂದಳು. ಒಂದು ಬೆಳಿಗ್ಗೆ ಟ್ಯಾಂಕರಿನ ಸಾಲಿನಲ್ಲಿ ಅವಳು ಕೊಡ ಹಿಡಿದು ನಿಂತದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ.

"ನನ್ನ ಸಿಟ್ಟಿಗೆ ನೀ ಊರು ಬಿಡಂಗಾತಲ್ಲ, ಅಕ್ಕಾ" ಎಂದೆ.

ಅವಳು ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಂಡಳು.

"ಎಣಿಕಿ ಮುಗಿದ ಮ್ಯಾಗ ಅವನ ಮಾರಿ ನೀ ನೋಡಲಿಲ್ಲ. ನಾ ನೋಡೀನಿ. ಅದಕ್ಕ ಊರು ಹೋದ್ರೂ ನಡೀತೈತಿ."