ಕೂಸು ಹಿಡಿಯುತ್ತಿದ್ದ ಆಂಜಿನಮ್ಮ

ಭಾನುವಾರ. ಚಿಂತಾಮಣಿಯ ಸಂತೆ ಮೈದಾನದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಾಡಿಗಳಿಂದ ಈರುಳ್ಳಿ ಮೂಟೆ ಇಳಿಯುತ್ತಿವೆ. ಆಂಜಿನಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ರಾಟೆಯ ಕಂಬ ಹತ್ತಿ ಅಚ್ಚಿಗೆ ಹರಳೆಣ್ಣೆ ಬಿಡುತ್ತಿದ್ದಾಳೆ. ನಾಲ್ಕು ಮರದ ತೊಟ್ಟಿಲುಗಳು ಮೇಲೆ ಕೆಳಗೆ ತಿರುಗುವ ರಾಟೆ ಅದು. ಮೋಟಾರಿಲ್ಲ, ಎಂಜಿನ್ನಿಲ್ಲ. ಒಂದು ಕಡೆ ಗಂಡ ಕೊಂಡಪ್ಪ, ಇನ್ನೊಂದು ಕಡೆ ಆಂಜಿನಮ್ಮ ನಿಂತು ತಳ್ಳಿದರೆ ತಿರುಗುತ್ತದೆ.

ಒಂದು ಆಟಕ್ಕೆ ಹನ್ನೆರಡು ಸುತ್ತು. ಸಂತೆ ಕಳೆಕಟ್ಟಿದ ದಿನ ಎಂಬತ್ತು, ತೊಂಬತ್ತು ಆಟ. ಸೋಮವಾರ ಬೆಳಗ್ಗೆ ತಲೆ ಬಾಚಿಕೊಳ್ಳಲೂ ಆಕೆಯ ಬಲಗೈ ಮೇಲೇಳುವುದಿಲ್ಲ. ವಯಸ್ಸು ಮೂವತ್ತೆರಡು, ನೋಡಿದವರು ಐವತ್ತು ಅನ್ನುತ್ತಾರೆ.

ಮೊದಲು ಆಕೆಯ ಕೆಲಸ ಇದಾಗಿರಲಿಲ್ಲ. ಏಳು ವರ್ಷದ ಹಿಂದಿನವರೆಗೆ ಇದೇ ರಾಟೆಯ ಬುಡದಲ್ಲಿ ಆಂಜಿನಮ್ಮ ಕೂಸು ಹಿಡಿಯುತ್ತಿದ್ದಳು. ಸಂತೆಗೆ ಬರುವ ಹೆಂಗಸರ ಕಂಕುಳಲ್ಲಿ ಒಂದು ಕೂಸು, ಕೈಯಲ್ಲಿ ಇನ್ನೊಂದು ಮಗು. ದೊಡ್ಡದು ರಾಟೆ ಬೇಕೆಂದು ರಚ್ಚೆ ಹಿಡಿಯುತ್ತದೆ. ಅದೊಂದನ್ನೇ ಕೂರಿಸಲು ಭಯ, ಚಿಕ್ಕದನ್ನು ಎತ್ತಿಕೊಂಡು ಕೂರಲು ಇನ್ನೂ ಭಯ. ಜೊತೆಗೆ ಓರಗಿತ್ತಿ ಇದ್ದರೆ ಸರಿ, ಒಬ್ಬರು ಕೂಸು ಹಿಡಿದು ಇನ್ನೊಬ್ಬರು ಸರದಿಯ ಮೇಲೆ ಹತ್ತಬಹುದು. ಒಂಟಿಯಾಗಿ ಬಂದವಳು ಕತ್ತೆತ್ತಿ ನೋಡಿ ಹೋಗಬೇಕು, ಅಷ್ಟೇ. ರಾಟೆಯ ಮಾಲೀಕ, ಮೇಲೂರಿನ ವೆಂಕಟರಾಮಪ್ಪ, ಇದನ್ನು ಕಂಡು ಆಂಜಿನಮ್ಮನಿಗೆ ಚಾಪೆ ಹಾಕಿ ಕೂರಿಸಿದ. ಯಾವ ಜನ ಎಂದು ಯಾರಾದರೂ ಕೇಳಿದರೆ ‘ನಮ್ಮೋರೇ’ ಅನ್ನುವುದು ಅವನ ಪಾಲು, ಬಾಯಿ ಮುಚ್ಚಿಕೊಂಡಿರುವುದು ಊರಾಚೆ ಹೊಲಗೇರಿಯ ಈ ಹೆಂಗಸಿನ ಪಾಲು. ದೊಡ್ಡ ಮನಸ್ಸೇನಲ್ಲ, ವ್ಯಾಪಾರ.

ಒಂದು ಸಂತೆಗೆ ಮೂವತ್ತು ಕೂಸು. ಎರಡು ವರ್ಷದಲ್ಲಿ ಒಂದೂ ಬಿದ್ದಿಲ್ಲ, ಒಂದೂ ಅದಲುಬದಲಾಗಿಲ್ಲ. “ತಾಯಿ ಸೀರೆ ಬಣ್ಣ ನೋಡಿಟ್ಕೊತಿದ್ದೆ, ಅದೇ ಗುರುತು,” ಎಂದು ನನಗೆ ಹೇಳುತ್ತಾಳೆ. “ಬಿಡ್ಡ ನನ್ನ ಕೈಲಿ ನಿದ್ದೆ ಹೋಗ್ಬಿಟ್ರೆ, ಎಬ್ಬಿಸ್ಬೇಡಮ್ಮ, ಇನ್ನೊಂದಾಟ ಆಡಿ ಬರ್ತೀನಿ ಅನ್ನೋರು.” ಆಕೆಯ ಸ್ವಂತ ಕೂಸು, ಎರಡನೇ ವರ್ಷ ಹುಟ್ಟಿದ ಆರು ತಿಂಗಳದ್ದು, ಕೈವಾರದ ಹತ್ತಿರದ ಊರಲ್ಲಿ ಅಜ್ಜಿಯ ಕೈಯಿಂದ ರಾಗಿ ಗಂಜಿ ಕುಡಿಯುತ್ತಿತ್ತು.

1957ರ ಒಂದು ಭಾನುವಾರ ದಿಬ್ಬೂರಹಳ್ಳಿಯ ಜಮೀನುದಾರರ ಸೊಸೆ ಶ್ಯಾಮಲಮ್ಮ ತನ್ನ ಮೂರು ತಿಂಗಳ ಹೆಣ್ಣುಕೂಸನ್ನು ಆಂಜಿನಮ್ಮನ ಮಡಿಲಿಗಿಟ್ಟು, ದೊಡ್ಡ ಮಗನೊಡನೆ ತೊಟ್ಟಿಲು ಹತ್ತಿದಳು. ನಾಲ್ಕನೇ ಸುತ್ತಿಗೆ ಅಚ್ಚಿನ ಬೆಣೆ ಜಾರಿ ರಾಟೆ ನಿಂತೇಬಿಟ್ಟಿತು. ಶ್ಯಾಮಲಮ್ಮ ತುತ್ತತುದಿಯಲ್ಲಿ. ಬಡಗಿ ಬರುವಷ್ಟರಲ್ಲಿ ಒಂದು ಗಂಟೆ ಹೊತ್ತಾಯಿತು. ಕೆಳಗೆ ಹಸಿದ ಕೂಸು ಉಸಿರು ಕಟ್ಟಿ ಅಳುತ್ತಿದೆ, ಮೇಲೆ ತಾಯಿ ಅಳುತ್ತಿದ್ದಾಳೆ. ಆಂಜಿನಮ್ಮನ ಎದೆ ತಾನಾಗಿಯೇ ಸೋರತೊಡಗಿತು. ಸೆರಗು ಮರೆಮಾಡಿ ಹಾಲು ಕೊಟ್ಟಳು. ಮೇಲಿದ್ದ ತಾಯಿ ಅಲ್ಲಿಂದಲೇ ಕೈಮುಗಿದಳು.

ಇಳಿದು ಬಂದವಳು ಆಂಜಿನಮ್ಮನ ಎರಡೂ ಕೈ ಹಿಡಿದುಕೊಂಡಳು. ಮನೆಗೆ ಬಾ, ಸೀರೆ ಉಡಿಸಿ ಕಳಿಸುತ್ತೇನೆ ಎಂದಳು. ಯಾವೂರು, ಯಾರ ಪೈಕಿ ಎಂದು ಅಕ್ಕರೆಯಿಂದ ಕೇಳಿದಳು. ವೆಂಕಟರಾಮಪ್ಪ ಬಾಯಿ ತೆರೆಯುವ ಮೊದಲೇ ಆಂಜಿನಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

“ಹಾಲು ಕುಡಿಸ್ಬಿಟ್ಟು ಸುಳ್ಳು ಹೇಳಕ್ಕೆ ಮನಸ್ಸು ಬರ್ಲಿಲ್ಲ ಸಾಮಿ. ಅಷ್ಟು ಪ್ರೀತಿಯಾಗಿ ಕೇಳಿದ್ರಲ್ಲ, ಏನೂ ಅನ್ನಲ್ಲ ಅನ್ಕೊಂಡೆ.”

ಹಿಡಿದ ಕೈ ಬಿಟ್ಟುಹೋಯಿತು. ಶ್ಯಾಮಲಮ್ಮ ಕೂಸಿನ ಗಂಟಲಿಗೆ ಬೆರಳು ಹಾಕಿ ಕಕ್ಕಿಸಲು ನೋಡಿದಳು. ಥೂ, ಬರೆಯಲೂ ಹೇಸಿಗೆಯಾಗುತ್ತದೆ. ಮಿಕ್ಕ ತಾಯಂದಿರು ಚಾಪೆಯ ಮೇಲಿದ್ದ ತಮ್ಮ ತಮ್ಮ ಕೂಸುಗಳನ್ನು ಕಿತ್ತುಕೊಂಡು ಹೋದರು.

ಮುಂದಿನ ಸಂತೆಗೆ ಚಾಪೆ ಇರಲಿಲ್ಲ. ವೆಂಕಟರಾಮಪ್ಪ ಆಕೆಯನ್ನು ರಾಟೆ ತಳ್ಳಲು ಹಾಕಿದ. ಕಂಬ ಮುಟ್ಟಬಹುದು, ತೊಟ್ಟಿಲು ತಿರುಗಿಸಬಹುದು, ಮಕ್ಕಳನ್ನು ಹತ್ತಿಸಿ ಇಳಿಸುವುದು ಮಾತ್ರ ಕೂಡದು. ಅದನ್ನು ಅವನೇ ಮಾಡುತ್ತಾನೆ. ಅಸ್ಪೃಶ್ಯತೆ ಅಪರಾಧವೆಂಬ ಕಾನೂನಿಗೆ ಈಗ ಒಂಬತ್ತು ವರ್ಷ. ಸಂತೆ ಮೈದಾನದವರೆಗೆ ಅದಿನ್ನೂ ನಡೆದು ಬಂದಿಲ್ಲ. ಆಂಜಿನಮ್ಮನಿಗೆ ಚಾಪೆ ಮತ್ತೆ ಬೇಕಿಲ್ಲ. ಒಂದು ಮಗುವನ್ನಾದರೂ ಎತ್ತಿ ಇಳಿಸಲು ಬಿಟ್ಟರೆ ಸಾಕು ಎನ್ನುತ್ತಾಳೆ.

ಈ ಭಾನುವಾರ ಹತ್ತು ಗಂಟೆಗೆ ಶ್ಯಾಮಲಮ್ಮ ಬಂದಿದ್ದಾಳೆ. ಕಂಕುಳಲ್ಲಿ ಹೊಸ ಕೂಸು. ಆವತ್ತಿನ ಹೆಣ್ಣುಕೂಸು ಅಶ್ವತ್ಥಮ್ಮನಿಗೆ ಈಗ ಏಳು ವರ್ಷ, ಎರಡು ಜಡೆ. ತಾಯಿಗೆ ಹತ್ತಲಾಗುವುದಿಲ್ಲ, ಕೂಸು ಹಿಡಿಯುವವರಿಲ್ಲ. ಹುಡುಗಿ ಒಬ್ಬಳೇ ಕೂತು ಹನ್ನೆರಡು ಸುತ್ತೂ ನಗುತ್ತಾಳೆ. ಆಟ ಮುಗಿದಾಗ ವೆಂಕಟರಾಮಪ್ಪ ಬೀಡಿ ಹಚ್ಚಲು ಆಚೆ ಹೋಗಿದ್ದಾನೆ. ಹುಡುಗಿ ತೊಟ್ಟಿಲ ಅಂಚಿಗೆ ಬಂದು, ಎದುರಿಗೇ ಇದ್ದ ಆಂಜಿನಮ್ಮನ ಕಡೆಗೆ ಎರಡೂ ಕೈ ಚಾಚುತ್ತಾಳೆ.

ಆಂಜಿನಮ್ಮ ತಾಯಿಯ ಮುಖ ನೋಡುತ್ತಾಳೆ. ಕಂಬ ಹಿಡಿದ ಕೈ ಅಲ್ಲೇ ಇರುತ್ತದೆ. ಹುಡುಗಿ ಹಾರಿ ಮುಗ್ಗರಿಸುತ್ತಾಳೆ, ಮೊಣಕಾಲು ತರಚಿ ರಕ್ತ ಬರುತ್ತದೆ.

“ಕಣ್ಣು ಕಾಣಲ್ವೇನೇ ನಿಂಗೆ?” ಶ್ಯಾಮಲಮ್ಮ ಗದರುತ್ತಾಳೆ. “ಮಗು ಕೈ ಕೊಟ್ರೆ ಹಿಡ್ಕೋಬಾರ್ದಾ?”

ಹುಡುಗಿ ಎದ್ದು, ಮಣ್ಣು ಕೊಡವಿಕೊಂಡು, ಅಳದೆ ಕುಂಟುತ್ತಾ ಹೋಗುತ್ತಾಳೆ. ಮರೆಯಾಗುವವರೆಗೂ ಆಂಜಿನಮ್ಮ ನೋಡುತ್ತಾಳೆ. ಯಾಕೆ ಸುಮ್ಮನಿದ್ದೆ ಎಂದು ನಾನು ಕೇಳಿದರೆ ಮೆಲ್ಲಗೆ ಹೇಳುತ್ತಾಳೆ:

“ಗಟ್ಟಿ ಬಿಡ್ಡ ಅದು, ನೋಡಿದ್ರಲ್ಲ, ಅಳ್ಲೇ ಇಲ್ಲ. ಆವತ್ತು ಬೆರಳು ಹಾಕಿ ಎಷ್ಟು ಕಕ್ಕಿಸೋಕೆ ನೋಡಿದ್ರೂ ಒಂದು ತೊಟ್ಟು ಆಚೆ ಬರ್ಲಿಲ್ಲ ಸಾಮಿ. ಎಲ್ಲಾ ಒಳಗೇ ಐತೆ.”